ಮನೆಯ ಚಿಂದಿ ತಾಗದ ಗಾಡಿ

ಶಾಲೆಯಿಂದ ಬಂದು ನೋಡಿದರೆ ನಮ್ಮ ಅಂಗಳ ಇರಲಿಲ್ಲ. ಅಮ್ಮ ಹಪ್ಪಳ ಒಣಗಿಸುವ ಜಾಗ, ಅಜ್ಜಿ ಸಂಜೆ ಕಾಲು ಚಾಚಿ ಕೂರುವ ಜಾಗ, ನಾನು ಸೀಮೆಸುಣ್ಣದಲ್ಲಿ ಕುಂಟಾಬಿಲ್ಲೆಯ ಮನೆ ಬರೆದಿದ್ದ ಜಾಗ, ಅಷ್ಟನ್ನೂ ನುಂಗಿಕೊಂಡು ಒಂದು ಪಿಕಪ್ ಬಿದ್ದುಕೊಂಡಿತ್ತು. ನಿಂತಿತ್ತು ಅನ್ನಲು ಅದಕ್ಕೆ ಚಕ್ರಗಳೇ ಇರಲಿಲ್ಲ. ಮೂಲೆಮೂಲೆಗೂ ಇಟ್ಟಿಗೆ ಪೇರಿಸಿ ಕೂರಿಸಿದ್ದರು. ಎದುರಿನ ಗಾಜು ಇಲ್ಲ, ಒಂದು ಬಾಗಿಲನ್ನು ತಂತಿಯಲ್ಲಿ ಬಿಗಿದಿದ್ದರು, ಸಾಮಾನು ಹೇರುವ ಹಿಂಭಾಗದಲ್ಲಿ ಮಣ್ಣು ತುಂಬಿ ಹುಲ್ಲು ಬೆಳೆದಿತ್ತು. ನಾನು ಬೆನ್ನಿನ ಚೀಲ ಇಳಿಸುವುದನ್ನೂ ಮರೆತು ನಿಂತೆ. ಬೆಳಗ್ಗೆ ಇದ್ದದ್ದು ಸಂಜೆಗೆ ಇಲ್ಲದೆ ಹೋಗಬಹುದು ಎಂಬುದು ನನಗೆ ಗೊತ್ತಾದದ್ದೇ ಆ ದಿನ. ಪಕ್ಕದಲ್ಲಿ ಶೀನಮಾವ, ಮದುವೆಮನೆಯಲ್ಲಿ ಫೋಟೋಕ್ಕೆ ನಿಂತವರ ಹಾಗೆ, ಬಾನೆಟ್ಟಿನ ಮೇಲೆ ಒಂದು ಕೈ ಇಟ್ಟುಕೊಂಡು ನಗುತ್ತಿದ್ದ. ಅಜ್ಜಿ ಹೊಸಿಲಿನಲ್ಲೇ ನಿಂತು ಅದನ್ನು ಮೇಲಿಂದ ಕೆಳಗೆ ನೋಡಿದಳು.

"ಶೀನಾ, ಇದು ಗಾಡಿಯಾ, ಹೆಣವಾ?"

"ಹೆಣವೇ ಅಮ್ಮ. ಎಬ್ಬಿಸ್ತೇನೆ."

ನಮ್ಮದು ಡೊಂಬಿವಲಿ ಪೂರ್ವದಲ್ಲಿ ಒಂದು ಹಳೆಯ ಬೈಠಿ ಚಾಳು. ಮಾಳಿಗೆಯಿಲ್ಲದ, ಹಂಚಿನ ಮಾಡಿನ ಸಾಲುಮನೆಗಳು. ಸಾಲಿನ ಕೊನೆಯ ಮನೆ ನಮ್ಮದಾದ್ದರಿಂದ ಕಂಪೌಂಡು ಗೋಡೆಯ ತನಕದ ಜಾಗ ನಮ್ಮ ಅಂಗಳ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಎದುರಿಗೊಂದು ಕೋಣೆ, ನಡುವಿಗೊಂದು, ಹಿಂದೆ ಅಡುಗೆಮನೆ. ಅದರಲ್ಲಿ ಅಜ್ಜಿ, ಅಮ್ಮ, ಅಮ್ಮನ ಅಣ್ಣ ಶೀನಮಾವ ಮತ್ತು ನಾನು. ಅಪ್ಪ ಠಾಣೆ ಪಟ್ಟಣದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು, ಅಲ್ಲಿಯೇ ಮಲಗುತ್ತಿದ್ದರು, ವಾರದ ರಜೆಗೆ ಮಾತ್ರ ಇಸ್ತ್ರಿಯ ಅಂಗಿ ಹಾಕಿಕೊಂಡು ಮನೆಗೆ ಬರುತ್ತಿದ್ದರು. ಮಾವ ರಬಾಳೆಯ ಒಂದು ಕಾರ್ಖಾನೆಯಲ್ಲಿ ಡ್ರೈವರ್. ಈ ಪಿಕಪ್ ಅಲ್ಲಿಯ ಶೆಡ್ಡಿನ ಹಿಂದೆ ಮಳೆ ತಿಂದು ತಿಂದು ಕೊಳೆಯುತ್ತಿದ್ದದ್ದು. ಓವರ್‌ಟೈಮ್ ಮಾಡಿ ಕೂಡಿಟ್ಟು, ಗುಜರಿಯ ಬೆಲೆಗೆ ಬಿಡಿಸಿಕೊಂಡು, ಇನ್ನೊಂದು ಲಾರಿಯ ಮೇಲೆ ಹೇರಿಸಿ ತಂದಿದ್ದ. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಜ್ಜಿಯ ಮಾತಿನ ಖಾರ ಅರ್ಧ ಕಡಿಮೆಯಾಗಿದೆ ಎಂದು ಓದುವವರು ತಿಳಿದುಕೊಳ್ಳಬೇಕು.

ನಮ್ಮ ಕಡೆ ಮನೆತನ ಹರಿಯುವುದು ಹೆಣ್ಣಿನಿಂದ. ಬಳಿ ಎಂದರೆ ಕುಲ, ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಗಂಡಸು ತನ್ನ ತಾಯಿಯ ಮನೆಗೆ ಸೇರಿದವನು, ಅವನ ಮಕ್ಕಳು ಅವನ ಹೆಂಡತಿಯ ಮನೆಗೆ ಸೇರಿದವರು. ಅವನದೇನಿದ್ದರೂ ಅಕ್ಕತಂಗಿಯರ ಮಕ್ಕಳಿಗೆ. ಕಾನೂನು ಬದಲಾಗಿ ಎಷ್ಟೋ ಕಾಲವಾಗಿತ್ತು, ನಮ್ಮ ಅಜ್ಜಿ ಬದಲಾಗಿರಲಿಲ್ಲ. ಮಾವ ಮದುವೆಯಾಗದವನು ಎಂದೇ ನಾನು ತಿಳಿದಿದ್ದೆ. ಹಾಗಾಗಿ ಪಿಕಪ್ ಯಾರದ್ದು ಎಂಬ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ಮಾವನದ್ದು ಎಂದರೆ ಮನೆಯದ್ದು, ಮನೆಯದ್ದು ಎಂದರೆ ಅಮ್ಮನದ್ದು, ಅಮ್ಮನ ನಂತರ ನನ್ನದು. ಗಾಡಿ ಎದ್ದ ದಿನ ಕೀಯನ್ನು ಮೊದಲು ಹುಡುಗಿಯ ಕೈಗೆ ಕೊಡಬೇಕು ಎಂದು ಅಜ್ಜಿ ಆ ವಾರವೇ ಅಪ್ಪಣೆ ಮಾಡಿದ್ದಳು. ಮಾವ ತಲೆ ತಗ್ಗಿಸಿ ಗಂಜಿ ಉಣ್ಣುತ್ತಿದ್ದ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

ಅಮ್ಮನಿಗೆ ಆ ಗಾಡಿ ಬೇಕಿತ್ತು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಅವಳು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ಅವಳು ಇಡ್ಲಿ, ದೋಸೆಯ ಹಿಟ್ಟು ರುಬ್ಬಿ ಠಾಣೆಯ ಹೋಟೆಲುಗಳಿಗೆ ಕೊಡುತ್ತಿದ್ದಳು. ಹಿಟ್ಟಿನ ಕ್ಯಾನುಗಳನ್ನು ಎರಡೂ ಕೈಯಲ್ಲಿ ಹಿಡಿದು ಲೋಕಲ್ ರೈಲಿನ ಲಗೇಜ್ ಡಬ್ಬಿಗೆ ಹತ್ತಬೇಕು, ಮೀನಿನವರ ಬುಟ್ಟಿ, ಹಾಲಿನವರ ಕ್ಯಾನುಗಳ ನಡುವೆ ನಿಲ್ಲಬೇಕು, ಜನ ನೂಕುವಾಗ ಮುಚ್ಚಳ ಹಾರದಂತೆ ಮೊಣಕಾಲಿನಿಂದ ಒತ್ತಿ ಹಿಡಿಯಬೇಕು. ಹಿಂದಿರುಗಿ ಬಂದವಳು ಸೊಂಟಕ್ಕೆ ಬಿಸಿನೀರಿನ ಬಟ್ಟೆ ಇಟ್ಟುಕೊಂಡು ಗೋಡೆಗೆ ಒರಗುತ್ತಿದ್ದಳು. ಪಿಕಪ್ ಬಂದ ಮೇಲೆ ಹಾಗೆ ಒರಗಿದಾಗಲೆಲ್ಲ ಅವಳ ಕಣ್ಣು ಅಂಗಳದ ಕಡೆಗೇ ಇರುತ್ತಿತ್ತು. ರಬಾಳೆಯ ಕ್ಯಾಂಟೀನುಗಳವರು ಹಿಟ್ಟು ಕೇಳಿದ್ದಾರೆ, ಗಾಡಿ ಇದ್ದರೆ ಅಲ್ಲಿಗೂ ಕೊಡಬಹುದು ಎಂದು ನೆರೆಮನೆಯವರ ಹತ್ತಿರ ಹೇಳುವುದನ್ನು ನಾನು ಕೇಳಿಸಿಕೊಂಡಿದ್ದೆ.

ಮಾವ ಗಾಡಿಯನ್ನು ಬಿಚ್ಚತೊಡಗಿದ ಮೇಲೆ ಅದು ಮನೆಯೊಳಗೆ ಬಂತು. ಕದಿಯುವವರಿದ್ದಾರೆ ಎಂದು ಬಿಚ್ಚಿದ್ದನ್ನೆಲ್ಲ ಅವನು ಒಳಗೆ ತಂದಿಡುತ್ತಿದ್ದ. ಗೇರ್‌ಬಾಕ್ಸು ಅಜ್ಜಿಯ ಮಂಚದ ಅಡಿಗೆ, ರೇಡಿಯೇಟರು ಬಾಗಿಲ ಹಿಂದೆ, ಸ್ಟೇರಿಂಗು ಕ್ಯಾಲೆಂಡರಿನ ಮೊಳೆಗೆ. ನಟ್ಟು ಬೋಲ್ಟುಗಳನ್ನು ಬಿಸ್ಕತ್ತಿನ ಡಬ್ಬಿಗಳಲ್ಲಿ ಹಾಕಿ ಕಪಾಟಿನ ಮೇಲೆ ಸಾಲಾಗಿ ಇಟ್ಟಿದ್ದ. ಆ ಡಬ್ಬಿಗಳನ್ನೂ ಅಂಗಡಿಯಿಂದ ಕೇಳಿ ತಂದಿದ್ದ. ಡ್ರೈವರ್ ಕ್ಯಾಬಿನ್ನಿನ ಉದ್ದ ಸೀಟು ಎದುರಿನ ಕೋಣೆಯಲ್ಲಿ ಗೋಡೆಗೆ ತಾಗಿ ಕೂತಿತು. ಅದರ ರೆಕ್ಸಿನ್ ಹರಿದು ಹೋಗಿ ಒಳಗಿನ ತೆಂಗಿನ ನಾರು ಕಾಣುತ್ತಿತ್ತು. ಅದೇ ನಮ್ಮ ಸೋಫಾ. ಬಂಗುಡೆ ಗಸಿಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಅದರ ಮೇಲೆ ಕೂತು ಉಣ್ಣುತ್ತಿದ್ದೆ, ಪಾಠ ಓದುತ್ತಿದ್ದೆ, ನಾರು ತೊಡೆಗೆ ಚುಚ್ಚಿ ಕೆಂಪು ಗೆರೆ ಬೀಳುತ್ತಿತ್ತು. ವಾರದ ರಜೆಗೆ ಬಂದ ಅಪ್ಪ ಮೊದಲ ಸಲ ಅದರ ಮೇಲೆ ಕೂತು, ಎಲ್ಲಿಗೆ ಹೊರಟಿದೆ ಈ ಗಾಡಿ, ಟಿಕೆಟ್ ಬೇಕಾ, ಎಂದು ಕೇಳಿದ್ದರು. ಮನೆಯ ಅನ್ನಕ್ಕೂ ಡೀಸೆಲ್ ವಾಸನೆ ಹತ್ತಿದೆ ಎಂದು ಅಜ್ಜಿ ದಿನಾ ಬಯ್ಯುತ್ತಿದ್ದಳು. ಬಯ್ಯುತ್ತಲೇ ಗೇರ್‌ಬಾಕ್ಸಿಗೆ ಕಾಲು ತಾಗದಂತೆ ಸರಿದು ಮಲಗುತ್ತಿದ್ದಳು.

ಆದರೆ ಮಾವನದ್ದೊಂದು ವಿಚಿತ್ರ ಹಟ ಇತ್ತು. ಗಾಡಿಯ ಸಾಮಾನು ಮನೆಯೊಳಗೆ ಬರಬಹುದು. ಮನೆಯ ಸಾಮಾನು ಗಾಡಿಗೆ ಹೋಗಬಾರದು. ತುಕ್ಕು ಒರೆಸಲು ಅಮ್ಮ ತನ್ನ ಹಳೆಯ ಸೀರೆ ಹರಿದುಕೊಟ್ಟರೆ ಅದನ್ನು ಹಾಗೆಯೇ ಮಡಚಿ ವಾಪಸು ಕೊಟ್ಟ, ಅಂಗಡಿಗೆ ಹೋಗಿ ಹತ್ತಿಯ ವೇಸ್ಟ್ ತಂದ. ನಮ್ಮ ಡ್ರಮ್ಮಿನಲ್ಲಿ ನೀರು ತುಂಬಿದ್ದರೂ ಗಾಡಿ ತೊಳೆಯಲು ಚಾಳಿನ ಕಟ್ಟೆಯ ನಲ್ಲಿಗೆ ಹೋಗುತ್ತಿದ್ದ. ಕೊರೆಯುವ ಕೆಲಸ, ಬೆಸುಗೆಯ ಕೆಲಸ ಏನೇ ಬರಲಿ, ನಮ್ಮ ಮನೆಯ ಕರೆಂಟು ಮುಟ್ಟುತ್ತಿರಲಿಲ್ಲ. ತೂತು ಬಿದ್ದ ತಗಡುಗಳನ್ನು ಕೈಗಾಡಿಯ ಮೇಲೆ ಹೇರಿಕೊಂಡು ವೆಲ್ಡಿಂಗ್ ಅಂಗಡಿಗೆ ನಡೆಯುತ್ತಿದ್ದ. ಒಂದು ಸಲ ಸೀಮೆಎಣ್ಣೆಯಲ್ಲಿ ಬೋಲ್ಟು ತೊಳೆಯಲು ಅವನು ಪಾತ್ರೆ ಹುಡುಕುತ್ತಿದ್ದಾಗ ಅಜ್ಜಿ ತನ್ನ ಹಿತ್ತಾಳೆಯ ಬೋಗುಣಿಯನ್ನೇ ತಂದು ಮುಂದಿಟ್ಟಳು. ಅವಳಿಗೆ ಅವಳ ತಾಯಿ ಕೊಟ್ಟದ್ದು, ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ರುಕ್ಕು ಎಂದು ಕೆತ್ತಿದ್ದದ್ದು. ಅಜ್ಜಿಯ ಹೆಸರನ್ನು ಮನೆಯಲ್ಲಿ ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ, ಅವಳಿಗೊಂದು ಹೆಸರಿದೆ ಎಂದು ನಾನು ತಿಳಿದದ್ದೇ ಆ ಬೋಗುಣಿಯಿಂದ. ಅವಳು ಅದನ್ನು ಯಾರಿಗೂ ಮುಟ್ಟಲು ಕೊಟ್ಟವಳಲ್ಲ. ಮಾವ ಅದನ್ನು ಎರಡೂ ಕೈಯಲ್ಲಿ ಎತ್ತಿ, ಬೇಡ ಎಂದು ತಿರುಗಿ ಅಡುಗೆಮನೆಯಲ್ಲಿಟ್ಟು ಬಂದ. ಒಡೆದ ಪ್ಲಾಸ್ಟಿಕ್ ಕ್ಯಾನನ್ನು ಕತ್ತರಿಸಿಕೊಂಡು ಅದರಲ್ಲಿ ತೊಳೆದ. ಅಜ್ಜಿಯ ಮುಖ ಸಣ್ಣದಾಯಿತು. ಸೊಕ್ಕು ಇವನಿಗೆ, ಗಾಡಿಯ ಯಜಮಾನ ಆಗಿದ್ದಾನಲ್ಲ, ಎಂದು ಅಮ್ಮನ ಹತ್ತಿರ ಗೊಣಗಿದಳು.

ನನಗಾದ ನೋವು ಬೇರೆ. ನನಗೆ ಆ ಗಾಡಿಯ ಮೇಲೆ ಅಷ್ಟರಲ್ಲಿ ಮೋಹ ಬಂದಿತ್ತು. ಕುಂಟಾಬಿಲ್ಲೆ ಹೋದರೆ ಹೋಗಲಿ, ಕೀ ನನ್ನದಲ್ಲವೇ! ಮಾವ ಪಾಲಿಶ್ ಕಾಗದ ಉಜ್ಜುತ್ತ ಕೂತಾಗ ನಾನೂ ಒಂದು ತುಂಡು ಎತ್ತಿಕೊಂಡು ಬಾಗಿಲ ತುಕ್ಕಿಗೆ ಕೈ ಹಾಕಿದೆ. ಅವನು ನನ್ನ ಮಣಿಕಟ್ಟು ಹಿಡಿದು ಕೈಯನ್ನು ಗಾಡಿಯಿಂದ ಮೆಲ್ಲಗೆ ತೆಗೆದ.

"ನೀನು ಬೇಡ ಮಗಾ. ನಿನ್ನ ಕೈ ಇದಕ್ಕೆ ತಾಗುದು ಬೇಡ."

ಹೆಣ್ಣುಮಕ್ಕಳ ಕೈ ತಾಗಿದರೆ ಗಾಡಿ ಕೆಡುತ್ತದೆ ಎಂದು ಅವನು ನಂಬುತ್ತಾನೆ ಅಂದುಕೊಂಡೆ. ನನ್ನನ್ನು ಎತ್ತಿ ಆಡಿಸಿದ ಮಾವ, ಜ್ವರ ಬಂದರೆ ಹೆಗಲ ಮೇಲೆ ಹಾಕಿಕೊಂಡು ಡಾಕ್ಟರರ ಹತ್ತಿರ ಓಡುವ ಮಾವ, ಅವನಿಗೆ ನನ್ನ ಕೈ ಬೇಡವಾಗಿತ್ತು. ಆಮೇಲೆ ಎಷ್ಟೋ ದಿನ ನಾನು ಅವನ ಹತ್ತಿರ ನೆಟ್ಟಗೆ ಮಾತಾಡಲಿಲ್ಲ. ಹೆಣ್ಣು ಎಂಬ ಕಾರಣಕ್ಕೆ ಯಾರಾದರೂ ನನ್ನನ್ನು ದೂರ ನಿಲ್ಲಿಸಿದರೆ ಇವತ್ತಿಗೂ ನನ್ನ ಮೂಗಿನ ತುದಿ ಬಿಸಿಯಾಗುತ್ತದೆ. ಅದರ ಬೀಜ ಬಿದ್ದದ್ದು ಆ ಅಂಗಳದಲ್ಲಿ, ಒಂದು ತಪ್ಪು ತಿಳಿವಳಿಕೆಯಿಂದ.

ಭಾನುವಾರಗಳಲ್ಲಿ ಮಾವ ಪಾರ್ಟ್ಸ್ ತರಲು ಕಲ್ಯಾಣಕ್ಕೆ ಹೋಗುತ್ತಿದ್ದ. ಕೆಲವು ಸಲ ಒಂದು ಬೇರಿಂಗೋ ಪೈಪೋ ಹಿಡಿದುಕೊಂಡು ಬರುತ್ತಿದ್ದ, ಎಷ್ಟೋ ಸಲ ಬರೀ ಕೈಯಲ್ಲಿ ಬರುತ್ತಿದ್ದ. ಬರೀ ಕೈಯಲ್ಲಿ ಬಂದ ದಿನಗಳಲ್ಲಿಯೇ ಅವನು ಹೆಚ್ಚು ಖುಷಿಯಾಗಿರುತ್ತಿದ್ದ. ಸಿಕ್ಕಿತಾ ಎಂದು ಅಮ್ಮ ಕೇಳಿದರೆ ಮುಂದಿನ ವಾರ ನೋಡುವ ಅನ್ನುತ್ತಿದ್ದ. ಅಜ್ಜಿ ಮಾತ್ರ ಏನೂ ಕೇಳುತ್ತಿರಲಿಲ್ಲ. ಕಲ್ಯಾಣ ಎಂಬ ಹೆಸರು ಬಂದರೆ ಸಾಕು, ಅವಳು ಎಲೆ ಅಡಿಕೆಯ ಪೆಟ್ಟಿಗೆ ತೆಗೆದು ಬಾಯಿ ತುಂಬಿಸಿಕೊಳ್ಳುತ್ತಿದ್ದಳು. ಅಜ್ಜಿಗೆ ಎಲ್ಲ ಗೊತ್ತಿತ್ತು, ಅಮ್ಮನಿಗೆ ಅರ್ಧ ಗೊತ್ತಿತ್ತು, ನನಗೆ ಏನೂ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ ಒಂದೇ ಪಾತ್ರೆಯ ಅನ್ನ ಉಣ್ಣುತ್ತ ಹೀಗೂ ಇರಬಹುದು ಎಂದು ನನಗೆ ಆಗ ಹೊಳೆದಿರಲಿಲ್ಲ.

ಮಳೆಗಾಲ ಕಳೆದು ಬಿಸಿಲು ಬಿದ್ದಾಗ ಎಂಜಿನು ಎದ್ದಿತು. ಅದೊಂದು ಮಧ್ಯಾಹ್ನ, ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದಳು. ಮೊದಲು ಕೆಮ್ಮಿನ ಹಾಗೆ ಒಂದು ಸದ್ದು, ಆಮೇಲೆ ಏನೂ ಇಲ್ಲ, ಆಮೇಲೆ ಚಾಳಿನ ಹಂಚುಗಳೆಲ್ಲ ಕಟಕಟ ಎನ್ನುವಂತೆ ಅದು ಗುಡುಗಿತು. ಕಪ್ಪು ಹೊಗೆ ಅಂಗಳದಿಂದ ಎದುರಿನ ಕೋಣೆಗೆ, ಅಲ್ಲಿಂದ ಅಡುಗೆಮನೆಗೆ ನುಗ್ಗಿತು. ಪಕ್ಕದ ಮನೆಯ ಮರಾಠಿ ಹೆಂಗಸು ಒಣಹಾಕಿದ ಬಟ್ಟೆ ಎಳೆದುಕೊಳ್ಳುತ್ತ ನಮಗೆ ಶಾಪ ಹಾಕಿದಳು. ಹೊಗೆಯೊಳಗಿಂದ ಹೊರಬಂದ ಮಾವನ ಮುಖದಲ್ಲಿ ಕಣ್ಣು ಹಲ್ಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅವನು ಅಳುತ್ತಿದ್ದ. ಗಂಡಸು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು, ದಂಗಾಗಿ ಹೋದೆ. ಈಗ ಘೋಡಬಂದರ್ ರಸ್ತೆಯ ನಮ್ಮ ಕಟ್ಟಡದ ಪಾರ್ಕಿಂಗಿನಲ್ಲಿ ಯಾರಾದರೂ ಹಳೆಯ ಡೀಸೆಲ್ ಗಾಡಿ ಶುರು ಮಾಡಿದರೆ ಎಲ್ಲರೂ ಮೂಗು ಮುಚ್ಚುತ್ತಾರೆ, ನಾನು ನಿಂತುಬಿಡುತ್ತೇನೆ. ಅಮ್ಮ ಆ ದಿನ ತುರಿಮಣೆ ಬಿಟ್ಟೆದ್ದು ಬಂದು, ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಹಿಂಭಾಗದಲ್ಲಿ ಎಷ್ಟು ಕ್ಯಾನು ಹಿಡಿದೀತು ಎಂದು ಗೇಣಿನಲ್ಲಿ ಅಳೆದಳು.

ಪೂಜೆ ಆಯುಧಪೂಜೆಯ ದಿನವೇ ಎಂದು ಅಜ್ಜಿ ನಿಶ್ಚಯಿಸಿದಳು. ಗಾಡಿಗೆ ಹೊಸ ನೀಲಿ ಬಣ್ಣ ಬಂದಿತ್ತು, ಚಕ್ರಗಳು ಬಂದಿದ್ದವು. ಬೆಳಗ್ಗೆ ಮಾವ ಸೀಟನ್ನು ಮನೆಯಿಂದ ಎತ್ತಿಕೊಂಡು ಹೋಗಿ ಕ್ಯಾಬಿನ್ನಿನಲ್ಲಿ ಕೂರಿಸಿ ಸ್ನಾನಕ್ಕೆ ಹೋದ. ಹೊಸ ರೆಕ್ಸಿನ್ ಹಾಕಿಸುವಷ್ಟು ಅವನ ಕೈಯಲ್ಲಿ ಉಳಿದಿರಲಿಲ್ಲ. ಅಮ್ಮ ಇದನ್ನೇ ಕಾಯುತ್ತಿದ್ದಳು. ಅಜ್ಜಿಯ ಹಳೆಯ ಚೌಕುಳಿಯ ಕೈಮಗ್ಗದ ಸೀರೆಯಿಂದ ಅವಳು ಗುಟ್ಟಾಗಿ ಸೀಟಿಗೊಂದು ಹೊದಿಕೆ ಹೊಲಿದಿದ್ದಳು. ಅದನ್ನು ಎಳೆದು ಹಾಕಿ, ಕೆಳಗೆ ಲಾಡಿ ಕಟ್ಟಿ, ಬಾಗಿಲು ಮುಚ್ಚಿ ಏನೂ ಗೊತ್ತಿಲ್ಲದವಳಂತೆ ಗೊಂಡೆ ಹೂವಿನ ಮಾಲೆ ಕಟ್ಟುತ್ತ ಕೂತಳು. ಸ್ನಾನ ಮುಗಿಸಿ ಬಂದ ಮಾವ ಬಾಗಿಲು ತೆರೆದ. ಆ ಹೊದಿಕೆಯನ್ನು ನೋಡಿ ಅವನ ಮುಖ ಬಿಳಿಚಿತು. ನಾನು ಅಲ್ಲೇ ನಿಂತಿದ್ದೆ. ಸಂತೋಷದಿಂದ ಹೀಗಾಗಿರಬೇಕು ಅಂದುಕೊಂಡೆ. ಅಮ್ಮ ಹೂವಿನ ನಡುವಿನಿಂದ ಮುಖ ಎತ್ತಿ ನಗುತ್ತಿದ್ದಳು. ಅವಳ ನಗು ನೋಡಿ ಮಾವ ಹೊದಿಕೆಯನ್ನು ಹಾಗೆಯೇ ಬಿಟ್ಟು ಬಾಗಿಲು ಮುಚ್ಚಿದ.

ಅಪ್ಪ ರಜೆ ಹಾಕಿ ಬಂದಿದ್ದರು. ಚಾಳಿನವರೆಲ್ಲ ಸೇರಿದ್ದರು. ಚಕ್ರಗಳ ಅಡಿಗೆ ನಿಂಬೆಹಣ್ಣು ಇಟ್ಟಾಯಿತು, ಬೂದುಗುಂಬಳ ಒಡೆದಾಯಿತು, ಆರತಿಯಾಯಿತು. ಗೋಡೆಯ ಬದಿಗೆ ಅಮ್ಮನ ಹಿಟ್ಟಿನ ಕ್ಯಾನುಗಳು ತೊಳೆದು, ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ನಿಂತಿದ್ದವು. ಮೊದಲ ಸವಾರಿ ಅವುಗಳದ್ದೇ ಎಂದು ಅಮ್ಮ ಅಂದುಕೊಂಡಿದ್ದಳು. ಕೀ ಆರತಿಯ ತಟ್ಟೆಯಲ್ಲಿತ್ತು. ನಾನು ಹಸಿರು ಲಂಗ ಉಟ್ಟು ಬಲಗೈಯನ್ನು ಒರೆಸಿಕೊಂಡು ಮುಂದೆ ನಿಂತಿದ್ದೆ. ಆಗ ಗೇಟಿನ ಹತ್ತಿರ ಒಂದು ಆಟೋ ಬಂದು ನಿಂತಿತು. ಅದರಿಂದ ಒಬ್ಬಳು ಮರಾಠಿ ಹೆಂಗಸು ಇಳಿದಳು, ಅವಳ ಹಿಂದೆ ನನ್ನದೇ ಪ್ರಾಯದ ಒಬ್ಬಳು ಹುಡುಗಿ. ಹೆಂಗಸು ಗೇಟು ದಾಟದೆ ಅಲ್ಲಿಯೇ ಸೆರಗು ಸರಿಮಾಡಿಕೊಂಡು ನಿಂತಳು. ಹುಡುಗಿ ನಿಲ್ಲಲಿಲ್ಲ. ನೆಟ್ಟಗೆ ಗಾಡಿಯ ಹತ್ತಿರ ಬಂದು ಅದರ ನೀಲಿ ಬಾಗಿಲಿನ ಮೇಲೆ ಅಂಗೈ ಇಟ್ಟಳು. ಮಾವ ಅವಳ ಕೈಯನ್ನು ತೆಗೆಯಲಿಲ್ಲ. ಅವಳು ಅವನ ಮುಖ ನೋಡಿ ಮರಾಠಿಯಲ್ಲಿ ಕೇಳಿದಳು.

"ಬಾಬಾ, ಬಸೂ ಕಾ?"

ಅಪ್ಪಾ, ಕೂರಲಾ ಎಂದು. ಅವಳು ಕೇಳಿದ್ದು ಅಷ್ಟೇ. ಅವಳ ಮೂಗು ಮಾವನ ಮೂಗು, ಹಣೆ ನನ್ನ ಹಣೆ. ಮಾವ ತಟ್ಟೆಯಿಂದ ಕೀ ತೆಗೆದುಕೊಂಡ. ನನ್ನ ಕೈ ಇನ್ನೂ ಚಾಚಿದ ಹಾಗೆಯೇ ಇತ್ತು, ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ಹೊಳೆಯಲಿಲ್ಲ. ಅಪ್ಪ ಬಂದು ಆ ಕೈಯನ್ನು ಹಿಡಿದುಕೊಂಡರು. ಅಜ್ಜಿ ಆರತಿಯ ತಟ್ಟೆಯನ್ನು ಕೆಳಗಿಡದೆ ಮಾತಾಡಿದಳು.

"ಕೀ ಎಲ್ಲಿಗೆ ಶೀನಾ?"

"ಇದು ನಂದು ಅಮ್ಮ. ನನ್ನ ಕೈಯಿಂದ ಮಾಡಿದ್ದು. ಈ ಮನೆಯ ಒಂದು ಹನಿ ನೀರು ಇದಕ್ಕೆ ಬಿದ್ದಿಲ್ಲ, ಒಂದು ಚಿಂದಿ ತಾಗಲಿಲ್ಲ. ನೀನೇ ಕಂಡಿದ್ದಿ. ನನ್ನದನ್ನು ನಾನು ನನ್ನ ಮಗಳಿಗೆ ಕೊಡಬಹುದು, ಅದಕ್ಕೆ ಬಳಿ ಬೇಡ. ನೀನೇ ಹೇಳಿದ್ದು."

ಹೌದು, ಅಜ್ಜಿಯೇ ಹೇಳಿದ್ದಳಂತೆ. ಆ ಹೆಂಗಸನ್ನು ಕಟ್ಟಿಕೊಂಡ ಹೊಸದರಲ್ಲಿ ಮಾವ ಬಂದು ಮುಂದೆ ಹುಟ್ಟುವ ಮಗುವಿಗೆ ಏನು ಸಿಗುತ್ತದೆ ಎಂದು ಕೇಳಿದಾಗ, ಮರಾಠಿಯವಳ ಹೊಟ್ಟೆಯಲ್ಲಿ ಹುಟ್ಟುವ ಮಗುವಿಗೆ ಬಳಿ ಎಲ್ಲಿಂದ ಬರಬೇಕು, ಈ ಮನೆಯ ಒಂದು ಕಡ್ಡಿಯೂ ಅಲ್ಲಿಗೆ ಹೋಗಕೂಡದು, ನಿನ್ನ ಕೈಯಿಂದ ನೀನೇ ಮಾಡಿದ್ದು ಏನಾದರೂ ಇದ್ದರೆ ಅದು ಮಾತ್ರ ನಿನ್ನದು, ಅಂದಿದ್ದಳಂತೆ. ಹಳೆಯ ಕಟ್ಟಳೆ ಅದು. ಮಾವ ಆ ಮಾತನ್ನು ಅಕ್ಷರಶಃ ಪಾಲಿಸಿದ್ದ. ಹಳೆಯ ಸೀರೆ, ಡ್ರಮ್ಮಿನ ನೀರು, ಕರೆಂಟು, ಬೋಗುಣಿ, ನನ್ನ ಕೈ. ನನ್ನ ಕೈ ಕೂಡ ಮನೆಯದ್ದಾಗಿತ್ತು. ಅಜ್ಜಿಯ ಕಣ್ಣು ಗಾಡಿಯ ಮೇಲೆಲ್ಲ ಓಡಾಡಿ ಕಿಟಕಿಯ ಒಳಗೆ ನಿಂತಿತು.

"ಸೀಟಿನ ಮೇಲೆ ಇರುದು ಯಾರ ಸೀರೆ?"

ಅಮ್ಮನ ಕೈಯಿಂದ ಹೂವಿನ ಬುಟ್ಟಿ ಬಿತ್ತು. ಮಾವ ಬಾಗಿಲು ತೆರೆದು, ಬಗ್ಗಿ, ಲಾಡಿಗಳನ್ನು ಒಂದೊಂದಾಗಿ ಬಿಚ್ಚಿ ಹೊದಿಕೆಯನ್ನು ಎಳೆದು ತೆಗೆದ. ನೆರಿಗೆ ಬೀಳದ ಹಾಗೆ ನಾಲ್ಕು ಮಡಿಕೆ ಮಾಡಿ ಅಮ್ಮನ ಕೈಯಲ್ಲಿಟ್ಟ. ಹರಿದ ರೆಕ್ಸಿನ್ನಿನ ಸೀಟು, ಎದ್ದು ನಿಂತ ನಾರು, ಎಲ್ಲರ ಕಣ್ಣೆದುರು ಬತ್ತಲಾಯಿತು. ಹುಡುಗಿಯನ್ನು ಎತ್ತಿ ಅದರ ಮೇಲೆ ಕೂರಿಸಿದ. ಆ ನಾರು ಹೇಗೆ ಚುಚ್ಚುತ್ತದೆ ಎಂದು ಅಲ್ಲಿದ್ದವರಲ್ಲಿ ನನ್ನಷ್ಟು ಗೊತ್ತಿದ್ದವರಿಲ್ಲ. ಅವಳು ಚುಚ್ಚಿತು ಅನ್ನಲಿಲ್ಲ, ಅಲುಗಾಡಲಿಲ್ಲ, ಎರಡೂ ಕೈ ಮಂಡಿಯ ಮೇಲಿಟ್ಟು ಅಜ್ಜಿಯನ್ನೇ ನೋಡುತ್ತ ಕೂತಳು. ಗೇಟಿನ ಹೊರಗಿನ ಹೆಂಗಸು ಅಜ್ಜಿಯ ಕಡೆಗೆ ಬಗ್ಗಿ ನೆಲ ಮುಟ್ಟಿ ನಮಸ್ಕಾರ ಮಾಡಿ, ಒಳಗೆ ಬಂದು ಗಾಡಿ ಹತ್ತಿದಳು. ನಿಂಬೆಹಣ್ಣುಗಳು ಚಪ್ಪಟೆಯಾದವು. ಗಾಡಿ ಹೊರಟೇಹೋಯಿತು. ಅಂಗಳ ಮತ್ತೆ ನಮ್ಮದಾಯಿತು, ಮತ್ತು ನನಗೆ ಆ ಖಾಲಿ ಜಾಗವನ್ನು ನೋಡಲಿಕ್ಕಾಗಲಿಲ್ಲ.

ಒಳಗೆ ಹಬ್ಬದೂಟಕ್ಕೆ ಮೂಡೆ, ಕಡಲೆ ಬಲ್ಯಾರು, ಪಾಯಸ ಮಾಡಿಟ್ಟಿದ್ದರು. ಮಾವನ ಎಲೆಯೂ ಹಾಕಿಯಾಗಿತ್ತು. ಸೀಟು ಇದ್ದ ಜಾಗದಲ್ಲಿ ಗೋಡೆಗೆ ಎಣ್ಣೆಯ ಕಲೆಯೊಂದು ಉಳಿದಿತ್ತು, ನಾವು ನೆಲದ ಮೇಲೆ ಕೂತೆವು. ಅಮ್ಮ ಬಡಿಸಿದಳು, ಬಡಿಸುತ್ತಲೇ ಅಜ್ಜಿಗೆ ಹೇಳಿದಳು, ಗಾಡಿ ಹೋದದ್ದಕ್ಕೆ ನನಗೆ ಬೇಸರ ಉಂಟು, ಆದರೆ ನಾನು ಪ್ರೀತಿಯಲ್ಲಿ ಹೊಲಿದದ್ದನ್ನು ನೀನು ಕತ್ತಿ ಮಾಡಿದೆ, ಅದನ್ನು ಮರೆಯುವುದಿಲ್ಲ, ಎಂದು. ಅಮ್ಮ ಅಜ್ಜಿಗೆ ಎದುರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಜ್ಜಿ ಎಲೆಯ ಮುಂದೆ ಕೂತವಳು ಅನ್ನ ಕಲಸಲಿಲ್ಲ. ನನಗೆ ಮಾವನ ಮೇಲೆ ಸಿಟ್ಟು ಉಕ್ಕಿ ಬರುತ್ತಿತ್ತು. ನಮ್ಮೊಂದಿಗಿದ್ದು ನಮಗೇ ಮೋಸ ಮಾಡಿದ ಎಂದೆ. ಅಪ್ಪ ಕೈ ತೊಳೆಯುವಾಗ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

"ನಾನು ಈ ಮನೆಗೆ ವಾರಕ್ಕೊಮ್ಮೆ ಬರುವ ನೆಂಟ. ನೀನು ಹುಟ್ಟಿದ ಮೇಲೂ ನೆಂಟನೇ. ಶೀನನಿಗೆ ಮಗಳ ಮನೆಗೆ ನೆಂಟನಾಗಿ ಹೋಗಿ ಸಾಕಾಗಿತ್ತು ಮಗಾ, ಅಷ್ಟೇ."

ಆ ದಿನದ ದೊಡ್ಡ ಪೆಟ್ಟು ನನಗೆ ಕೀಯದ್ದಲ್ಲ, ಈ ಮಾತಿನದ್ದು. ಅಪ್ಪ ಇಸ್ತ್ರಿಯ ಅಂಗಿ ಹಾಕಿಕೊಂಡು ಬರುವುದು ಯಾಕೆ ಎಂದು ನಾನು ಯೋಚಿಸಿದವಳೇ ಅಲ್ಲ. ನಾನು ಆ ಮನೆಯ ಗೋಡೆ, ಕಂಬ, ಬೋಗುಣಿಗಳ ಹಾಗೆ ಅಲ್ಲಿಯವಳು. ನನ್ನನ್ನು ಹುಟ್ಟಿಸಿದ ಮನುಷ್ಯ ಅಲ್ಲಿ ಚಪ್ಪಲಿಯನ್ನು ಬಾಗಿಲ ಹೊರಗೆ ಒಂದು ಬದಿಗೆ ಬಿಟ್ಟು ಒಳಗೆ ಬರುವವರು. ಸಂಜೆ ಅವರು ಹೊರಡುವಾಗ ಸ್ಟೇಷನ್ನಿನ ತನಕ ಅವರ ಕೈಬಿಡದೆ ನಡೆದೆ.

ಅಜ್ಜಿ ಆಮೇಲೆ ಸರಿಯಾಗಿ ಊಟ ಮಾಡಲಿಲ್ಲ. ಮಂಚದ ಅಡಿಯಲ್ಲಿ ಗೇರ್‌ಬಾಕ್ಸು ಇಲ್ಲದಿದ್ದರೂ ಕಾಲು ಮಡಚಿಯೇ ಮಲಗುತ್ತಿದ್ದಳು. ಆ ಮಗು ನಾರಿನ ಮೇಲೆ ಹೇಗೆ ಕೂತಿತು ನೋಡಿದ್ದಿಯಾ, ಎಂದು ಅಮ್ಮನನ್ನು ಕೇಳಿದಳು. ದೀಪಾವಳಿಗೆ ಮೊದಲು ಒಂದು ಬೆಳಗ್ಗೆ ಅಜ್ಜಿ ಆ ಹೊದಿಕೆಯನ್ನು ತಾನೇ ಒಗೆದು, ಒಣಗಿಸಿ, ಮಡಚಿ ನಮ್ಮಿಬ್ಬರ ಮುಂದಿಟ್ಟಳು.

"ಕಲ್ಯಾಣಕ್ಕೆ ಹೋಗಿ ಇದನ್ನು ಕೊಟ್ಟು ಬನ್ನಿ. ಸುಮ್ಮನೆ ಕೊಡುದಲ್ಲ. ಬದಲಿಗೆ ಅವರ ಮನೆಯ ಒಂದು ಪಾವು ಅಕ್ಕಿ ತೆಗೊಳ್ಳಿ. ಬದಲು ಕೊಟ್ಟು ಅವನು ತೆಗೊಂಡದ್ದು ಮನೆಯದ್ದಲ್ಲ, ಅವನದ್ದೇ ಆಯ್ತು. ಮತ್ತೆ ಯಾರೂ ಅದನ್ನು ಕೇಳ್ಲಿಕ್ಕಿಲ್ಲ."

ಯಾರೂ ಎಂದರೆ ತಾನೇ. ತನ್ನ ಕಟ್ಟಳೆಯಿಂದ ತನ್ನನ್ನೇ ತಪ್ಪಿಸಿಕೊಳ್ಳಲು ಅವಳು ದಾರಿ ಹುಡುಕಿದ್ದಳು. ನಾವು ರೈಲಿನಲ್ಲಿ ಹೋದೆವು. ಕಲ್ಯಾಣದ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಒಂದೇ ಕೋಣೆಯ ಮನೆ, ಎದುರಿಗೆ ನೀಲಿ ಪಿಕಪ್, ಅದರ ತುಂಬ ಹೂಕೋಸಿನ ಬುಟ್ಟಿಗಳು. ಹೆಂಗಸು ತರಕಾರಿಯ ವ್ಯಾಪಾರದವಳು. ಸೀಟಿನ ಮೇಲೆ ಗೋಣಿಚೀಲ ಹಾಸಿತ್ತು. ಅಮ್ಮ ಅವಳನ್ನು ವಹಿನಿ ಎಂದು ಕರೆದಳು, ಅತ್ತಿಗೆ ಎಂದು, ಮತ್ತು ತನ್ನ ಹರಕು ಮರಾಠಿಯಲ್ಲಿ ಅಕ್ಕಿಯ ವಿಷಯ ಹೇಳಿದಳು. ಆ ಹೆಂಗಸು ಮರುಪ್ರಶ್ನೆ ಕೇಳದೆ ಮಗಳನ್ನು ಕರೆದು ಅಕ್ಕಿ ಅಳೆಯಲು ಹೇಳಿದಳು. ಮಾವ ಹೊದಿಕೆಯನ್ನು ಕೈಯಲ್ಲಿ ಹಿಡಿದು ಬಾಗಿಲ ಚೌಕಟ್ಟಿಗೆ ಒರಗಿದ. ಆಮೇಲೆ ನನ್ನನ್ನು ಗಾಡಿಯ ಹತ್ತಿರ ಕರೆದುಕೊಂಡು ಹೋಗಿ, ಸೀಟಿಗೆ ಹೊದಿಕೆ ಕಟ್ಟಿ, ನನ್ನ ಕೈಗೆ ಪಾನಾ ಕೊಟ್ಟ. ಸೀಟಿನ ಬೋಲ್ಟು ಸಡಿಲಾಗಿದೆ, ಬಿಗಿ ಮಾಡು ಎಂದ. ನಾನು ಬಿಗಿ ಮಾಡಿದೆ. ಪಕ್ಕದಲ್ಲಿ ಆ ಹುಡುಗಿ ಬಂದು ನಿಂತು ನೋಡಿದಳು. ನಾನು ಅವಳ ಹೆಸರು ಕೇಳಿದೆ, ಅವಳು ಹೇಳಿದಳು. ನನ್ನ ಕೈಯಿಂದ ಪಾನಾ ಜಾರಿ ಕಾಲಿನ ಮೇಲೆ ಬಿತ್ತು.

ಮನೆಗೆ ಬಂದಾಗ ಅಜ್ಜಿ ಅಡುಗೆಮನೆಯಲ್ಲಿ ಕಾಯುತ್ತಿದ್ದಳು. ಅಕ್ಕಿಯ ಗಂಟು ಬಿಚ್ಚಿ ಮೊರಕ್ಕೆ ಸುರಿದಳು. ನಾವು ಉಣ್ಣುವ ಕೆಂಪು ಕುಚ್ಚಲಕ್ಕಿಯಲ್ಲ, ಸಣ್ಣ ಬಿಳಿ ಅಕ್ಕಿ. ಇದರ ಗಂಜಿ ಅಂಟಾಗುತ್ತದೆ ಎಂದು ಗೊಣಗುತ್ತಲೇ ಕೈಯಾಡಿಸಿ ಕಲ್ಲು ಹುಡುಕತೊಡಗಿದಳು. ಯಾರು ಅಳೆದದ್ದು ಎಂದು ಕೇಳಿದಳು. ಅವಳು ಎಂದೆ. ಅವಳು ಅಂದರೆ, ಅದಕ್ಕೊಂದು ಹೆಸರಿಲ್ಲವಾ, ಎಂದಳು. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಹೇಳು ಎಂದು ತಲೆಯಾಡಿಸಿದಳು.

"ರುಕ್ಮಿಣಿ ಅಂತೆ ಅಜ್ಜಿ. ಮನೆಯಲ್ಲಿ ರುಕ್ಕು ಅಂತ ಕರೆಯುದಂತೆ."

ಅಜ್ಜಿಯ ಕೈ ಅಕ್ಕಿಯಲ್ಲಿ ಹಾಗೆಯೇ ನಿಂತಿತು. ಅವಳು ಇನ್ನೊಮ್ಮೆ ಹೇಳಿಸಿದಳು. ತನ್ನ ಮನೆಯಲ್ಲಿ ಯಾರೂ ಕರೆಯದ ಹೆಸರನ್ನು ಇಷ್ಟು ವರ್ಷ ಕಲ್ಯಾಣದ ಒಂದು ಕೋಣೆಯಲ್ಲಿ ದಿನವೂ ಕರೆಯುತ್ತಿದ್ದರು. ನಾನು ಹೆದರಿ ನೀರು ಕೊಡಲಾ ಎಂದು ಕೇಳಿದೆ. ಅವಳು ಬೇಡ ಎಂದು ಕೈಯಾಡಿಸಿ, ಗೋಡೆ ಹಿಡಿದುಕೊಂಡು ಎದ್ದು, ಅಟ್ಟದ ಕೆಳಗಿನಿಂದ ಹಿತ್ತಾಳೆಯ ಬೋಗುಣಿ ತೆಗೆದಳು. ಹುಣಸೆಹುಳಿ ಹಾಕಿ ಅದನ್ನು ಉಜ್ಜಿ ತೊಳೆದಳು, ಸೆರಗಿನಿಂದ ಒರೆಸಿದಳು, ಕೆತ್ತಿದ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿ ನನ್ನ ಮಡಿಲಲ್ಲಿಟ್ಟಳು.

"ಮುಂದಿನ ಸಲ ಹೋಗುವಾಗ ಇದನ್ನು ತೆಗೊಂಡು ಹೋಗು. ಬೋಲ್ಟು ತೊಳಿಲಿಕ್ಕೆ ಕೊಡು ಶೀನನಿಗೆ. ಬೇಡ ಅಂದ್ರೆ ಹೆಸರು ಓದ್ಲಿಕ್ಕೆ ಹೇಳು. ಇದು ಅವನ ಮಗಳದ್ದು, ಈ ಮನೆಯದ್ದಲ್ಲ."